ಕ್ರೈಸ್ತ ಜೀವನೀತಿ ಮತ್ತು ಆರೋಗ್ಯಸೇವೆಯಲ್ಲಿ ಮಾನವ ಘನತೆ

ಹುಟ್ಟು, ಕಾಯಿಲೆ, ಆರೈಕೆ, ಸಾವು, ವೈದ್ಯಕೀಯ ಸಂಶೋಧನೆ ಇವುಗಳಲ್ಲಿ ಏಳುವ ಸರಿ–ತಪ್ಪಿನ ಪ್ರಶ್ನೆಗಳನ್ನು ಕ್ರೈಸ್ತ ನಂಬಿಕೆಯ ನೆಲೆಯಿಂದ ವಿಚಾರಿಸುವ ಶಾಸ್ತ್ರವೇ ಕ್ರೈಸ್ತ ಜೀವನೀತಿ. ಬೈಬಲ್, ಸಭೆಯ (ಚರ್ಚಿನ) ಪರಂಪರೆ, ತತ್ತ್ವಶಾಸ್ತ್ರ ಮತ್ತು ವೈದ್ಯರ ಅನುಭವ ಇದರ ಆಕರಗಳು. ಮನುಷ್ಯನಾಗಿರುವ ಕಾರಣಕ್ಕೇ ಪ್ರತಿಯೊಬ್ಬರಿಗೂ ಘನತೆ ಉಂಟು. ಬುದ್ಧಿ, ಬಲ, ದುಡಿಮೆ, ಹಣ ಯಾವುದರಿಂದಲೂ ಅದನ್ನು ಗಳಿಸಬೇಕಾಗಿಲ್ಲ, ಯಾವ ಕಾಯಿಲೆಯೂ ಅದನ್ನು ಕಸಿಯಲಾರದು ಎಂಬುದು ಇದರ ಮೂಲ ನಿಲುವು. ಕ್ಯಾಥೊಲಿಕ್, ಆರ್ಥೊಡಾಕ್ಸ್ ಮತ್ತು ಪ್ರಾಟೆಸ್ಟೆಂಟ್ ಸಭೆಗಳೆಲ್ಲ ಇದನ್ನು ಒಪ್ಪುತ್ತವೆ. ಇದರಿಂದ ಹೊರಡುವ ತೀರ್ಮಾನಗಳಲ್ಲಿ ಮಾತ್ರ ಬೇರೆಬೇರೆಯಾಗುತ್ತವೆ. ಎರಡು ಸಾವಿರ ವರ್ಷಗಳ ಈ ಪರಂಪರೆಯ ಸತ್ತ್ವವೂ ಸೋಲೂ ಎದ್ದು ಕಾಣುವುದು ಒಂದೇ ಕಡೆ: ಅತ್ಯಂತ ನಿಸ್ಸಹಾಯಕ ರೋಗಿಯ ಹಾಸಿಗೆಯ ಬಳಿ.

ತಾತ್ತ್ವಿಕ ನೆಲೆ

ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂಬ ಆದಿಕಾಂಡದ ಮೊದಲ ಅಧ್ಯಾಯದ ಮಾತು ಈ ಚಿಂತನೆಯ ಬುನಾದಿ. ಆ ಸ್ವರೂಪ ಅರಸನಿಗೆ ಹೆಚ್ಚು, ಆಳಿಗೆ ಕಡಿಮೆ ಎಂಬ ಭೇದವನ್ನು ಅಲ್ಲಿ ಹೇಳಿಲ್ಲ. ದೇವರೇ ಯೇಸುವಿನಲ್ಲಿ ಮನುಷ್ಯ ದೇಹ ತಾಳಿದನೆಂಬ ನಂಬಿಕೆ ದೇಹಕ್ಕೂ ಅದರ ನೋವಿಗೂ ಗೌರವ ತಂದಿತು. ಸುವಾರ್ತೆಗಳಲ್ಲಿ ಯೇಸು ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸುತ್ತಾನೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಕಥೆಯಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನ ಗಾಯ ಕಟ್ಟಿ, ಛತ್ರದ ಖರ್ಚನ್ನೂ ಕೊಟ್ಟವನು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ರೋಗಿಯನ್ನು ನೋಡಿಕೊಂಡವನು ತನ್ನನ್ನೇ ನೋಡಿಕೊಂಡಂತೆ ಎಂದು ಯೇಸು ಹೇಳುತ್ತಾನೆ. ಕ್ರೈಸ್ತ ಆಸ್ಪತ್ರೆಗಳ ಹಿಂದಿನ ಪ್ರೇರಣೆ ಬಹುಮಟ್ಟಿಗೆ ಈ ಎರಡು ಭಾಗಗಳಿಂದ ಬಂದದ್ದು.

ಇದರಿಂದ ಎರಡು ತತ್ತ್ವಗಳು ಹೊರಡುತ್ತವೆ. ಜೀವ ದೇವರ ಕೊಡುಗೆ. ಮನುಷ್ಯ ಅದರ ಪಾಲಕನೇ ಹೊರತು ಒಡೆಯನಲ್ಲ. ಹಾಗಾಗಿ ನಿರಪರಾಧಿಯ ಜೀವ ತೆಗೆಯಬಾರದು. ಇನ್ನೊಂದು ಕಡೆ, ಸಾವೇ ಎಲ್ಲದರ ಕೊನೆಯಲ್ಲವೆಂದು ಪುನರುತ್ಥಾನದ ನಂಬಿಕೆ ಹೇಳುವುದರಿಂದ ಏನೇ ಆದರೂ ಉಸಿರನ್ನು ಎಳೆಯುತ್ತಲೇ ಇರಬೇಕೆಂಬ ಹಠವೂ ಸಲ್ಲದು. ಜೀವದ ಕೊನೆಗಾಲದ ಚಿಕಿತ್ಸೆಯ ಬಗ್ಗೆ ಕ್ರೈಸ್ತ ಚಿಂತಕರು ಆಡಿರುವ ಸೂಕ್ಷ್ಮ ಮಾತುಗಳೆಲ್ಲ ಈ ಎರಡು ತುದಿಗಳ ನಡುವೆ ಬರುತ್ತವೆ.

ಜಾತ್ಯತೀತ ಜೀವನೀತಿಯೂ ಘನತೆಯ ಮಾತನಾಡುತ್ತದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಘನತೆಯ ಮಾತಿನಿಂದಲೇ ಆರಂಭವಾಗುತ್ತದೆ. ಅದರ ಕರಡು ರಚಿಸಿದ ಪ್ರಮುಖರಲ್ಲಿ ಲೆಬನಾನಿನ ಕ್ರೈಸ್ತ ತತ್ತ್ವಜ್ಞಾನಿ ಚಾರ್ಲ್ಸ್ ಮಲಿಕ್ ಒಬ್ಬರು. ಆದರೆ ಜಾತ್ಯತೀತ ಚಿಂತನೆಯ ಒಂದು ದೊಡ್ಡ ಧಾರೆ ಘನತೆಯನ್ನು ಮುಖ್ಯವಾಗಿ ವ್ಯಕ್ತಿಯ ಸ್ವಂತ ನಿರ್ಧಾರದ ಶಕ್ತಿಯಲ್ಲಿ ಕಾಣುತ್ತದೆ. ಮರೆವಿನ ಕಾಯಿಲೆ ಬಂದ ಮುದುಕಿ, ಕೋಮಾದಲ್ಲಿರುವ ಯುವಕ, ಬೌದ್ಧಿಕ ಅಂಗವೈಕಲ್ಯವಿರುವ ಮಗು ಇವರಿಗೆ ನಿರ್ಧರಿಸುವ ಶಕ್ತಿ ಕಡಿಮೆಯಾದಾಗ ಘನತೆಯೂ ಕಡಿಮೆಯಾಗುತ್ತದೆಯೇ? ಇಲ್ಲ ಎಂದು ಖಡಾಖಂಡಿತವಾಗಿ ಹೇಳುವುದು ಕ್ರೈಸ್ತ ಜೀವನೀತಿಯ ವಿಶೇಷ.

ಪ್ರಾಚೀನ ಮತ್ತು ಮಧ್ಯಯುಗ

ಗ್ರೀಕ್ ಮತ್ತು ರೋಮನ್ ಜಗತ್ತಿನಲ್ಲಿ ಬೇಡದ ಶಿಶುಗಳನ್ನು ಊರ ಹೊರಗೆ ಬಿಟ್ಟುಬರುವ ರೂಢಿ ಇತ್ತು. ಆರಂಭಕಾಲದ ಕ್ರೈಸ್ತ ಕೈಪಿಡಿಯಾದ ದಿದಖೆ ಶಿಶುಹತ್ಯೆಯನ್ನೂ ಗರ್ಭಪಾತವನ್ನೂ ನಿಷೇಧಿಸಿತು. ಕ್ರಿ.ಶ. 250ರ ಸುಮಾರಿಗೆ ರೋಮನ್ ಸಾಮ್ರಾಜ್ಯದಲ್ಲಿ ಮಹಾಮಾರಿ ಹಬ್ಬಿದಾಗ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ತನ್ನವರಷ್ಟೇ ಅಲ್ಲದೆ ಹೊರಗಿನವರ ಆರೈಕೆಯನ್ನೂ ಮಾಡುವಂತೆ ಸಭೆಯನ್ನು ಹುರಿದುಂಬಿಸಿದ. ನಾಲ್ಕನೆಯ ಶತಮಾನದಲ್ಲಿ ಇಂದಿನ ತುರ್ಕಿಯ ಕೈಸರಿ ಪಟ್ಟಣದ ಬಳಿ ಬಿಷಪ್ ಬೆಸಿಲ್ ಕಟ್ಟಿಸಿದ ಬೆಸಿಲಿಯಾಸ್ ಎಂಬ ಸಂಕೀರ್ಣದಲ್ಲಿ ರೋಗಿಗಳಿಗೂ ಬಡವರಿಗೂ ದಾರಿಹೋಕರಿಗೂ ಆಶ್ರಯವಿತ್ತು, ವೈದ್ಯರೂ ಇದ್ದರು. ಊರುಗಳಿಂದ ಹೊರದಬ್ಬಲಾಗಿದ್ದ ಕುಷ್ಠರೋಗಿಗಳಿಗೆ ಅಲ್ಲಿ ಜಾಗ ಸಿಕ್ಕಿತು. ಆಸ್ಪತ್ರೆ ಎಂಬ ಸಂಸ್ಥೆಯ ಇತಿಹಾಸ ಬರೆಯುವವರು ಇದನ್ನು ಮೊದಲ ಮೈಲಿಗಲ್ಲುಗಳಲ್ಲಿ ಒಂದೆಂದು ಎಣಿಸುತ್ತಾರೆ.

ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಆತ್ಮರಕ್ಷಣೆಯ ಚರ್ಚೆಯಲ್ಲಿ ಒಂದು ವಿವೇಚನೆ ಮಾಡಿದ. ಒಂದೇ ಕ್ರಿಯೆಯಿಂದ ಒಳ್ಳೆಯದೂ ಕೆಟ್ಟದ್ದೂ ಆಗುವಂತಿದ್ದರೆ, ಉದ್ದೇಶ ಒಳ್ಳೆಯದೇ ಆಗಿದ್ದು ಕೆಟ್ಟದ್ದು ಅದರ ಪಾರ್ಶ್ವ ಪರಿಣಾಮ ಮಾತ್ರವಾಗಿದ್ದರೆ ಆ ಕ್ರಿಯೆ ಸಮ್ಮತವಾಗಬಹುದು. ಮುಂದೆ ಇದು ದ್ವಿಪರಿಣಾಮ ಸೂತ್ರವಾಗಿ ಬೆಳೆಯಿತು. ಗರ್ಭಿಣಿಯ ಗರ್ಭಕೋಶಕ್ಕೆ ಕ್ಯಾನ್ಸರ್ ಬಂದಾಗ ಅದನ್ನು ತೆಗೆಯುವುದು, ಕೊನೆಗಾಲದ ರೋಗಿಗೆ ನೋವು ಕಳೆಯಲು ಹೆಚ್ಚಿನ ಮಾರ್ಫಿನ್ ಕೊಡುವುದು ಇಂಥ ಸಂದರ್ಭಗಳಲ್ಲಿ ಕ್ಯಾಥೊಲಿಕ್ ವೈದ್ಯರು ಇಂದಿಗೂ ಇದನ್ನೇ ಆಧರಿಸುತ್ತಾರೆ.

ಹದಿನಾರನೆಯ ಶತಮಾನದ ಸ್ಪೇನಿನ ಡೊಮಿನಿಕನ್ ಪಂಡಿತ ಫ್ರಾನ್ಸಿಸ್ಕೊ ದೆ ವಿತೋರಿಯಾ ಇನ್ನೊಂದು ಪ್ರಶ್ನೆ ಎತ್ತಿದ: ಜೀವ ಉಳಿಸಿಕೊಳ್ಳಲು ಮನುಷ್ಯ ಎಷ್ಟು ದೂರ ಹೋಗಬೇಕು? ತಿಂದದ್ದು ಸೇರದ ರೋಗಿ ಬಲವಂತವಾಗಿ ಉಣ್ಣಬೇಕಿಲ್ಲ. ವೈದ್ಯರು ಹೇಳಿದರೂ ಕೋಳಿಯಂಥ ದುಬಾರಿ ಆಹಾರ ತಿಂದೇ ತೀರಬೇಕೆಂಬ ಕಟ್ಟುಪಾಡೂ ಇಲ್ಲ ಎಂದ ಆತ. ಸಾಮಾನ್ಯ ಉಪಾಯಗಳನ್ನು ಬಿಡುವಂತಿಲ್ಲ, ರೋಗಿಗೂ ಮನೆಯವರಿಗೂ ಹೊರಲಾರದ ಭಾರವಾಗುವ ಅಸಾಮಾನ್ಯ ಉಪಾಯಗಳನ್ನು ಬಿಡಬಹುದು ಎಂಬ ವಿಂಗಡಣೆಯ ಮೂಲ ಇದು.

ಇಪ್ಪತ್ತನೆಯ ಶತಮಾನದ ಕಠಿಣ ಪರೀಕ್ಷೆ

ಮನುಷ್ಯರನ್ನು ಉತ್ತಮ ತಳಿ, ಕೀಳು ತಳಿ ಎಂದು ವಿಂಗಡಿಸುವ ಸುಸಂತತಿವಾದ ಕಳೆದ ಶತಮಾನದ ಮೊದಲರ್ಧದಲ್ಲಿ ಯುರೋಪು, ಅಮೆರಿಕಗಳ ಸುಶಿಕ್ಷಿತರನ್ನು ಸೆಳೆದಿತ್ತು. ಪೋಪ್ 11ನೆಯ ಪಯಸ್ 1930ರಲ್ಲಿ ಬಲವಂತದ ಸಂತಾನಹರಣವನ್ನು ಖಂಡಿಸಿದರು. ಜರ್ಮನಿಯಲ್ಲಿ ನಾತ್ಸಿ ಸರ್ಕಾರ 1933ರಲ್ಲಿ ಕಾನೂನು ಮಾಡಿ ಸುಮಾರು 4 ಲಕ್ಷ ಜನರ ಸಂತಾನಶಕ್ತಿಯನ್ನು ಕಸಿಯಿತು. ಹಲವು ಪ್ರಾಟೆಸ್ಟೆಂಟ್ ಸೇವಾ ಸಂಸ್ಥೆಗಳು ಇದಕ್ಕೆ ಸಹಕರಿಸಿದವು. ಮುಂದೆ ಟಿ-4 ಎಂಬ ರಹಸ್ಯ ಯೋಜನೆಯಲ್ಲಿ ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ಅನಿಲ ಕೋಣೆಗಳಲ್ಲಿ ಕೊಲ್ಲಲಾಯಿತು. 1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರಿನ ಬಿಷಪ್ ಕ್ಲೆಮೆನ್ಸ್ ಫಾನ್ ಗಾಲೆನ್ ಚರ್ಚಿನ ವೇದಿಕೆಯಿಂದಲೇ ಈ ಕೊಲೆಗಳನ್ನು ಬಯಲು ಮಾಡಿ ಖಂಡಿಸಿದರು. ದುಡಿಯಲಾಗದವನನ್ನು ಕೊಲ್ಲಬಹುದೆಂದು ಒಮ್ಮೆ ಒಪ್ಪಿದರೆ ನಾಳೆ ಮುದಿತನ ಬಂದ ಎಲ್ಲರ ಸರದಿಯೂ ಬರುತ್ತದೆ ಎಂಬುದು ಅವರ ವಾದ. ಅದೇ ತಿಂಗಳ 24ರಂದು ಯೋಜನೆಯನ್ನು ಅಧಿಕೃತವಾಗಿ ನಿಲ್ಲಿಸಲಾಯಿತು. ಅಷ್ಟರಲ್ಲಿ 70,000ಕ್ಕೂ ಹೆಚ್ಚು ಜನ ಸತ್ತಿದ್ದರು. ಗುಟ್ಟಾಗಿ ಕೊಲೆಗಳು ಯುದ್ಧ ಮುಗಿಯುವವರೆಗೂ ನಡೆದವು. ಘನತೆಯ ತತ್ತ್ವವನ್ನು ಬಾಯಲ್ಲಿ ಒಪ್ಪಿದ ಸಭೆಗಳೇ ಅದನ್ನು ಕಾಪಾಡುವಲ್ಲಿ ಸೋಲಬಹುದು, ಒಬ್ಬರು ಧೈರ್ಯ ಮಾಡಿದರೂ ಅದಕ್ಕೆ ಫಲವಿದೆ ಎಂಬ ಎರಡೂ ಪಾಠಗಳು ಇಲ್ಲಿವೆ.

ಯುದ್ಧಾನಂತರ ವೆಂಟಿಲೇಟರ್ ಬಂದು ಹೊಸ ಪ್ರಶ್ನೆ ತಂದಿತು. 1957ರ ನವೆಂಬರಿನಲ್ಲಿ ಅರಿವಳಿಕೆ ತಜ್ಞರನ್ನುದ್ದೇಶಿಸಿ ಮಾತನಾಡಿದ ಪೋಪ್ 12ನೆಯ ಪಯಸ್, ಚೇತರಿಸಿಕೊಳ್ಳುವ ಆಸೆಯಿಲ್ಲದ ರೋಗಿಯ ಉಸಿರಾಟದ ಯಂತ್ರವನ್ನು ತೆಗೆಯಬಹುದು, ಅದು ಕೊಲೆಯಲ್ಲ ಎಂದರು. ಸಾವು ಯಾವ ಕ್ಷಣದಲ್ಲಾಯಿತೆಂದು ನಿರ್ಣಯಿಸುವುದು ಸಭೆಯ ಕೆಲಸವಲ್ಲ, ವೈದ್ಯರದು ಎಂದೂ ಹೇಳಿದರು. ಅಮೆರಿಕದಲ್ಲಿ ಕೋಮಾದಲ್ಲಿದ್ದ ಕರೆನ್ ಆನ್ ಕ್ವಿನ್ಲನ್ ಎಂಬ ಯುವತಿಯ ಕ್ಯಾಥೊಲಿಕ್ ತಂದೆತಾಯಿ ಇದೇ ಮಾತನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು. ನ್ಯೂಜೆರ್ಸಿಯ ಸುಪ್ರೀಂ ಕೋರ್ಟು 1976ರಲ್ಲಿ ಅವರ ಪರವಾಗಿ ತೀರ್ಪಿತ್ತಿತು. ಆಸ್ಪತ್ರೆಗಳಲ್ಲಿ ನೀತಿ ಸಮಿತಿಗಳು ಹುಟ್ಟಿಕೊಳ್ಳಲು ಆ ತೀರ್ಪು ಒತ್ತಾಸೆಯಾಯಿತು.

ಜೀವನೀತಿ ಸ್ವತಂತ್ರ ಶಾಸ್ತ್ರವಾಗಿ ರೂಪುಗೊಳ್ಳುವಾಗ ಅದರ ಮುಂಚೂಣಿಯಲ್ಲಿ ಧರ್ಮಶಾಸ್ತ್ರಜ್ಞರೇ ಇದ್ದರು. ಎಪಿಸ್ಕೋಪಲ್ ಪಾದ್ರಿ ಜೋಸೆಫ್ ಫ್ಲೆಚರ್ 1954ರಲ್ಲೇ ತನ್ನ ಕಾಯಿಲೆಯ ಸತ್ಯ ತಿಳಿಯುವ ಹಕ್ಕು ರೋಗಿಗಿದೆ ಎಂದು ವಾದಿಸಿದರು. ದಯಾಮರಣವನ್ನೂ ಸಮರ್ಥಿಸಿ ವಿವಾದಕ್ಕೊಳಗಾದರು. ಮೆಥಡಿಸ್ಟ್ ಚಿಂತಕ ಪಾಲ್ ರಾಮ್ಸೆ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರೋಗಿಯನ್ನು ಮೊದಲು ವ್ಯಕ್ತಿಯೆಂದು ಕಾಣಬೇಕು, ವೈದ್ಯ–ರೋಗಿಗಳ ಸಂಬಂಧ ನಂಬಿಕೆಯ ಒಡಂಬಡಿಕೆ ಎಂದರು. ಆಂಡ್ರೆ ಹೆಲ್ಲೆಗರ್ಸ್ ಎಂಬ ಕ್ಯಾಥೊಲಿಕ್ ಪ್ರಸೂತಿ ತಜ್ಞರು 1971ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಕೆನಡಿ ನೀತಿಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ಆರ್ಥೊಡಾಕ್ಸ್ ಸಭೆ ಸೇರಿದ ವೈದ್ಯ ಹಾಗೂ ತತ್ತ್ವಜ್ಞಾನಿ ಟ್ರಿಸ್ಟ್ರಮ್ ಎಂಗಲ್‌ಹಾರ್ಟ್ 2000ದಲ್ಲಿ ಕ್ರೈಸ್ತ ಜೀವನೀತಿಯ ಬುನಾದಿಗಳ ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು.

ಜೀವದ ಆರಂಭದ ಪ್ರಶ್ನೆಗಳು

ಸಭೆಗಳ ನಡುವಿನ ಭಿನ್ನಾಭಿಪ್ರಾಯ ಹೆಚ್ಚು ತೀವ್ರವಾಗಿರುವುದು ಇಲ್ಲಿ. 1930ರ ಲ್ಯಾಂಬೆತ್ ಸಮ್ಮೇಳನದಲ್ಲಿ ಆಂಗ್ಲಿಕನ್ ಬಿಷಪ್ಪರು ಷರತ್ತುಗಳೊಂದಿಗೆ ಗರ್ಭನಿರೋಧವನ್ನು ಒಪ್ಪಿದರು. ಬಹುತೇಕ ಪ್ರಾಟೆಸ್ಟೆಂಟರು ಅದೇ ದಾರಿ ಹಿಡಿದರು. ಪೋಪ್ 6ನೆಯ ಪೌಲ್ 1968ರ ಪತ್ರದಲ್ಲಿ ಕೃತಕ ಗರ್ಭನಿರೋಧವನ್ನು ನಿರಾಕರಿಸಿದರು.

ಗರ್ಭಪಾತವನ್ನು ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳು ತಪ್ಪೆನ್ನುತ್ತವೆ. ಪ್ರಾಟೆಸ್ಟೆಂಟರಲ್ಲಿ ಹಲವು ನಿಲುವುಗಳಿವೆ, ಅವು ಬದಲಾಗಿರುವುದೂ ಉಂಟು: ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1971ರ ಠರಾವಿನಲ್ಲಿ ಅತ್ಯಾಚಾರ, ತಾಯಿಯ ಆರೋಗ್ಯದಂಥ ಕಾರಣಗಳಿಗೆ ಗರ್ಭಪಾತಕ್ಕೆ ಅವಕಾಶವಿರಬೇಕೆಂದಿದ್ದರು, 1980ರ ಹೊತ್ತಿಗೆ ಕಟ್ಟಾ ವಿರೋಧಿಗಳಾದರು. ಗರ್ಭಸ್ಥ ಶಿಶುವಿಗೆ ಆತ್ಮ ಬರುವುದು ಯಾವಾಗ ಎಂಬ ಬಗ್ಗೆ ಮಧ್ಯಯುಗದ ಪಂಡಿತರಲ್ಲೂ ಒಮ್ಮತವಿರಲಿಲ್ಲ. ಪಿಂಡ ರೂಪುಗೊಳ್ಳುವ ಮೊದಲು, ಅನಂತರ ಎಂಬ ಭೇದವನ್ನು ರೋಮನ್ ಸಭೆಯ ದಂಡಶಾಸನ 1869ರಲ್ಲಿ ಕೈಬಿಟ್ಟಿತು.

ಈ ವಿವಾದ ಕನ್ನಡಿಗರ ಮನೆಯನ್ನೂ ತಟ್ಟಿದೆ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಗೆ ದಾಖಲಾದಾಗ 17 ವಾರಗಳ ಗರ್ಭಿಣಿ. ಗರ್ಭ ನಿಲ್ಲುವುದಿಲ್ಲವೆಂಬುದು ಖಚಿತವಾಗಿತ್ತು. ಗರ್ಭ ತೆಗೆಯಿರೆಂದು ಅವರು ಕೇಳಿಕೊಂಡರೂ ಭ್ರೂಣದ ಹೃದಯ ಬಡಿಯುತ್ತಿದೆಯೆಂಬ ಕಾರಣಕ್ಕೆ ವೈದ್ಯರು ಒಪ್ಪಲಿಲ್ಲ. ಸೋಂಕು ರಕ್ತಕ್ಕೇರಿ ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಸೋಂಕಿನ ಮೇಲೆ ಸರಿಯಾಗಿ ನಿಗಾ ಇಡದಿದ್ದುದು ಮತ್ತು ಕಾನೂನಿನ ಅಸ್ಪಷ್ಟತೆ ಎರಡನ್ನೂ ಮರುವರ್ಷದ ತನಿಖಾ ವರದಿ ಎತ್ತಿ ತೋರಿಸಿತು. ಕ್ಯಾಥೊಲಿಕ್ ನೀತಿಶಾಸ್ತ್ರವೇ ತಾಯಿಯ ಗಂಭೀರ ಕಾಯಿಲೆಯ ಚಿಕಿತ್ಸೆಯನ್ನು, ಅದರಿಂದ ಭ್ರೂಣ ಉಳಿಯದಿದ್ದರೂ, ಒಪ್ಪುತ್ತದೆ. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರು ಆಸ್ಪತ್ರೆಗಳಿಗೆ ಕೊಟ್ಟ ಮಾರ್ಗಸೂಚಿಯ 47ನೆಯ ಅಂಶ ಇದನ್ನೇ ಹೇಳುತ್ತದೆ. ತತ್ತ್ವದಲ್ಲಿದ್ದ ಆ ಅವಕಾಶ ಭಯದ ವಾತಾವರಣದಲ್ಲಿ ಒಬ್ಬ ಹೆಣ್ಣುಮಗಳ ನೆರವಿಗೆ ಬರಲಿಲ್ಲ. 2018ರ ಮೇ 25ರ ಜನಮತಗಣನೆಯಲ್ಲಿ ಐರ್ಲೆಂಡಿನ ಶೇ. 66ರಷ್ಟು ಮತದಾರರು ಸಂವಿಧಾನದ ಗರ್ಭಪಾತ ನಿಷೇಧವನ್ನು ತೆಗೆದುಹಾಕಲು ಒಪ್ಪಿದರು. ತಾಯಿಯ ಘನತೆಯನ್ನು ಎರಡನೆಯ ಸ್ಥಾನಕ್ಕೆ ತಳ್ಳುವ ಯಾವ ಜೀವಪರ ನಿಲುವೂ ಪೂರ್ಣವಲ್ಲ ಎಂಬುದಕ್ಕೆ ಸವಿತಾ ಅವರ ಸಾವು ಸಾಕ್ಷಿ.

1978ರ ಜುಲೈ 25ರಂದು ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಾಗ, ಮುಂದಿನ ತಿಂಗಳೇ ಪೋಪ್ ಆಗಲಿದ್ದ ಕಾರ್ಡಿನಲ್ ಆಲ್ಬಿನೊ ಲುಚಿಯಾನಿ ತಂದೆತಾಯಿಯನ್ನು ದೂಷಿಸದೆ ಮಗುವಿಗೆ ಒಳಿತು ಹಾರೈಸಿದರು. ಆದರೂ ವ್ಯಾಟಿಕನ್ 1987ರಲ್ಲಿ ಪ್ರನಾಳ ಗರ್ಭಧಾರಣೆಯನ್ನು ನಿರಾಕರಿಸಿತು: ಮಗು ದಾಂಪತ್ಯದ ಫಲವಾಗಿ ಬರಬೇಕೇ ಹೊರತು ಪ್ರಯೋಗಾಲಯದ ಉತ್ಪನ್ನವಾಗಬಾರದು, ಮಿಕ್ಕ ಭ್ರೂಣಗಳನ್ನು ಎಸೆಯಬಾರದು ಎಂಬುದು ವಾದ. ಪತಿ–ಪತ್ನಿಯರದೇ ಅಂಡ, ವೀರ್ಯ ಬಳಸುವುದಾದರೆ ಅನೇಕ ಪ್ರಾಟೆಸ್ಟೆಂಟ್ ಸಭೆಗಳು ಇದನ್ನು ಒಪ್ಪುತ್ತವೆ. ಬಾಡಿಗೆ ತಾಯ್ತನ ಮಗುವಿನ ಘನತೆಗೂ ಹೆಂಗಸಿನ ಘನತೆಗೂ ಧಕ್ಕೆ ತರುತ್ತದೆಂದು 2024ರ ವ್ಯಾಟಿಕನ್ ಘೋಷಣೆ ಹೇಳಿತು. ಭಾರತದ 2021ರ ಕಾನೂನೂ ವಾಣಿಜ್ಯ ಬಾಡಿಗೆ ತಾಯ್ತನವನ್ನು ನಿಷೇಧಿಸಿದೆ.

ಜೀವದ ಕೊನೆ ಮತ್ತು ಅಂಗದಾನ

ದಯಾಮರಣವನ್ನು ಹೆಚ್ಚಿನ ಸಭೆಗಳು ಒಪ್ಪುವುದಿಲ್ಲ. ವ್ಯಾಟಿಕನ್ 1980ರ ಘೋಷಣೆಯಲ್ಲೂ 2020ರ ಪತ್ರದಲ್ಲೂ ಅದನ್ನು ನಿರಾಕರಿಸಿ, ಜೊತೆಗೇ ನಿಷ್ಫಲ ಚಿಕಿತ್ಸೆಯನ್ನು ನಿಲ್ಲಿಸಬಹುದು, ನೋವು ನಿವಾರಣೆ ರೋಗಿಯ ಹಕ್ಕು ಎಂದಿದೆ. ಕೊಳವೆಯ ಮೂಲಕ ಆಹಾರ, ನೀರು ಕೊಡುವುದು ಸಾಮಾನ್ಯ ಆರೈಕೆಯೆಂದು ಪೋಪ್ 2ನೆಯ ಜಾನ್ ಪೌಲ್ 2004ರಲ್ಲಿ ಹೇಳಿದ್ದು ಕ್ಯಾಥೊಲಿಕ್ ಚಿಂತಕರಲ್ಲೇ ಚರ್ಚೆ ಎಬ್ಬಿಸಿತು. ಭಿನ್ನ ದನಿಗಳೂ ಇವೆ: ಕ್ಯಾಂಟರ್ಬರಿಯ ಮಾಜಿ ಆರ್ಚ್‌ಬಿಷಪ್ ಜಾರ್ಜ್ ಕೇರಿ ಮತ್ತು ದಕ್ಷಿಣ ಆಫ್ರಿಕದ ಡೆಸ್ಮಂಡ್ ಟುಟು, ಗುಣವಾಗದ ರೋಗಿ ತಾನಾಗಿ ಕೇಳಿದರೆ ಸಾಯಲು ವೈದ್ಯರ ನೆರವು ಪಡೆಯುವುದನ್ನು ಬೆಂಬಲಿಸಿದರು.

1954ರಲ್ಲಿ ಬಾಸ್ಟನ್ನಿನಲ್ಲಿ ಅವಳಿಗಳ ನಡುವೆ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ಮಾಡಿದ ಜೋಸೆಫ್ ಮರ್ರೆ ಶ್ರದ್ಧಾವಂತ ಕ್ಯಾಥೊಲಿಕ್. ಆರೋಗ್ಯವಂತನ ಅಂಗ ತೆಗೆಯುವುದು ಸರಿಯೇ ಎಂದು ಆಗ ಧರ್ಮಗುರುಗಳ ಸಲಹೆಯನ್ನೂ ಕೇಳಲಾಯಿತು. ಇಂದು ಪ್ರಮುಖ ಸಭೆಗಳೆಲ್ಲ ಸ್ವಇಚ್ಛೆಯ ಅಂಗದಾನವನ್ನು ಪ್ರೀತಿಯ ಕೆಲಸವೆಂದು ಕೊಂಡಾಡುತ್ತವೆ, ಅಂಗಗಳ ಮಾರಾಟವನ್ನು ಖಂಡಿಸುತ್ತವೆ. ಕೇರಳದ ಪಾದ್ರಿ ಡೇವಿಸ್ ಚಿರಮೆಲ್ 2009ರಲ್ಲಿ ತಮ್ಮ ಮೂತ್ರಪಿಂಡವನ್ನು ಅನ್ಯಧರ್ಮದ ಅಪರಿಚಿತರೊಬ್ಬರಿಗೆ ಕೊಟ್ಟರು.

ಆರೈಕೆಯ ಎರಡು ಮಾದರಿಗಳು

ಆಂಗ್ಲಿಕನ್ ಶ್ರದ್ಧೆಯ ಸಿಸಿಲಿ ಸಾಂಡರ್ಸ್ ನರ್ಸ್, ಸಮಾಜ ಕಾರ್ಯಕರ್ತೆ, ವೈದ್ಯೆ ಮೂರೂ ಆಗಿದ್ದವರು. ಕ್ಯಾನ್ಸರಿನ ಕೊನೆಯ ಹಂತದ ರೋಗಿಗಳಿಗೆ ಆಗ ನೋವು ತಡೆಯಲಾರದಂತಾದ ಮೇಲೆ ಮಾತ್ರ ಮಾರ್ಫಿನ್ ಕೊಡುವ ಪದ್ಧತಿಯಿತ್ತು. ನೋವು ಮರಳುವ ಮುನ್ನವೇ, ಗಡಿಯಾರ ನೋಡಿ, ಬಾಯಿಯ ಮೂಲಕ ನಿಯಮಿತವಾಗಿ ಕೊಟ್ಟರೆ ರೋಗಿ ಮಂಪರಿಗೆ ಜಾರದೆ, ಮಾತಾಡಿಕೊಂಡು, ಮನೆಯವರೊಂದಿಗೆ ದಿನ ಕಳೆಯಬಹುದೆಂದು ಅವರು ತೋರಿಸಿಕೊಟ್ಟರು. ದೇಹದ ನೋವಿನ ಜೊತೆ ಮನಸ್ಸಿನ ಭಯ, ಸಂಸಾರದ ಚಿಂತೆ, ಬಾಳಿನ ಅರ್ಥದ ಕೊರಗು ಎಲ್ಲವನ್ನೂ ಸೇರಿಸಿ ಸಮಗ್ರ ನೋವು ಎಂದರು. 1967ರಲ್ಲಿ ಲಂಡನ್ನಿನಲ್ಲಿ ಅವರು ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ ಕೊನೆಗಾಲದ ಆರೈಕೆ ಕೇಂದ್ರದಿಂದ ಜಗತ್ತಿನಾದ್ಯಂತ ಉಪಶಮನ ಆರೈಕೆಯ ಚಳವಳಿ ಬೆಳೆಯಿತು. ಕೊಲ್ಲಬಾರದು ಎಂದು ಹೇಳುವವರು ನೋವು ಕಳೆಯುವ ಹೊಣೆಯನ್ನೂ ಹೊರಬೇಕೆಂಬುದನ್ನು ಅವರು ಮಾಡಿ ತೋರಿಸಿದರು.

ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿಗಳ ಮಗನಾಗಿ ಹುಟ್ಟಿದ ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಸೇರಿದರು. ಕುಷ್ಠರೋಗಿಯ ಬೆರಳುಗಳು ತಾವಾಗಿ ಕೊಳೆತು ಉದುರುತ್ತವೆಂದು ಆಗ ಜನ ನಂಬಿದ್ದರು. ಬ್ರಾಂಡ್ ಮತ್ತು ಸಂಗಡಿಗರು ಗಮನವಿಟ್ಟು ನೋಡಿದಾಗ, ಸ್ಪರ್ಶಜ್ಞಾನ ಹೋದ ಕೈಗೆ ಸುಟ್ಟದ್ದೂ ಕುಯ್ದದ್ದೂ ತಿಳಿಯದೆ ಗಾಯಗಳಾಗುತ್ತಿದ್ದವು. ರಾತ್ರಿ ಮಲಗಿದಾಗ ಇಲಿಗಳು ಬೆರಳು ಕಚ್ಚಿದರೂ ರೋಗಿಗೆ ಎಚ್ಚರವಾಗುತ್ತಿರಲಿಲ್ಲ. ಅದಕ್ಕಾಗಿ ಮನೆಗೆ ಹೊರಟ ರೋಗಿಗಳ ಕೈಗೆ ಬೆಕ್ಕು ಕೊಟ್ಟು ಕಳಿಸಿದರು. ಮಡಚಿಕೊಂಡ ಬೆರಳುಗಳಿಗೆ ಸ್ನಾಯುರಜ್ಜುಗಳನ್ನು ವರ್ಗಾಯಿಸಿ ಮತ್ತೆ ಹಿಡಿತ ಬರುವಂತೆ ಮಾಡಿದರು, ಕಸುಬು ಕಲಿಸಿ ದುಡಿಮೆಗೆ ಹಚ್ಚಿದರು. ಮುಟ್ಟಬಾರದೆಂದು ಸಮಾಜ ದೂರವಿಟ್ಟ ಕೈಗಳನ್ನು ಹಿಡಿದು ಗಂಟೆಗಟ್ಟಲೆ ಪರೀಕ್ಷಿಸಿದ್ದು, ಶಸ್ತ್ರಚಿಕಿತ್ಸೆಯಷ್ಟೇ ದೊಡ್ಡ ಚಿಕಿತ್ಸೆ.

ಭಾರತ ಮತ್ತು ಕರ್ನಾಟಕ

ಹೆರಿಗೆಯ ಹೊತ್ತಿಗೆ ಗಂಡು ವೈದ್ಯರು ಮುಟ್ಟಬಾರದೆಂಬ ಕಟ್ಟಳೆಯಿಂದ ಒಂದೇ ರಾತ್ರಿ ಮೂವರು ಹೆಂಗಸರು ಸತ್ತುದನ್ನು ಕಂಡ ಇಡಾ ಸ್ಕಡರ್, ಅಮೆರಿಕದಲ್ಲಿ ವೈದ್ಯಕೀಯ ಓದಿ ಬಂದು 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು; 1918ರಲ್ಲಿ ಮಹಿಳೆಯರಿಗಾಗಿ ವೈದ್ಯಕೀಯ ಶಾಲೆ ಆರಂಭಿಸಿದರು. ಗುಂಟೂರಿನಲ್ಲಿ ದುಡಿದ ಸನ್ಯಾಸಿನಿ ವೈದ್ಯೆ ಮೇರಿ ಗ್ಲೌರಿ 1943ರಲ್ಲಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಕಟ್ಟಿದರು. ದೇಶದ ಮೊದಲ ಹಾಸ್ಪಿಸ್ ಶಾಂತಿ ಅವೇದನಾ ಆಶ್ರಮ 1986ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು.

ಕರ್ನಾಟಕದಲ್ಲಿ ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರದು. ಉಡುಪಿಯವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆಯನ್ನು ಬಾಸೆಲ್ ಮಿಷನ್ನಿನ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದರು. ಭಾರತದ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನ 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ವೈದ್ಯಕೀಯ ನೀತಿಶಾಸ್ತ್ರವನ್ನು ಪಠ್ಯದ ಭಾಗವಾಗಿ ಕಲಿಸಿದ ದೇಶದ ಮೊದಲಿಗರಲ್ಲಿ ಒಂದು. ಅದರ ಪದವೀಧರರು ವೈದ್ಯರು ಸಿಗದ ಊರುಗಳಲ್ಲಿ ಸೇವೆ ಸಲ್ಲಿಸುವ ಸಂಪ್ರದಾಯವಿದೆ.

ಕಾನೂನಿನಲ್ಲಿ ಕೆಲವು ಕಡೆ ಕ್ರೈಸ್ತ ನಿಲುವಿಗೂ ದೇಶದ ನಿಲುವಿಗೂ ಹೊಂದಾಣಿಕೆಯಿದೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಅಂಥದ್ದು. ಸುಪ್ರೀಂ ಕೋರ್ಟಿನ 2018ರ ಕಾಮನ್ ಕಾಸ್ ತೀರ್ಪು ನಿಷ್ಫಲ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳಲು ಅವಕಾಶ ಕೊಟ್ಟು, ವಿಷದ ಚುಚ್ಚುಮದ್ದಿನಂಥ ಕ್ರಿಯೆಯನ್ನು ಹೊರಗಿಟ್ಟಿತು. ಇದನ್ನು ಜಾರಿಗೊಳಿಸುವ ಸುತ್ತೋಲೆಯನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು. 1971ರ ಗರ್ಭಪಾತ ಕಾಯ್ದೆಯ ವಿಷಯದಲ್ಲಿ ಕ್ಯಾಥೊಲಿಕ್ ಸಭೆಯ ವಿರೋಧ ಮುಂದುವರಿದಿದೆ.

ನಿತ್ಯದ ನಡವಳಿಕೆಯಲ್ಲಿ ಘನತೆ

ದೊಡ್ಡ ವಿವಾದಗಳಿಗಿಂತ ಹೆಚ್ಚಾಗಿ ವಾರ್ಡಿನ ಸಣ್ಣ ಕ್ರಿಯೆಗಳಲ್ಲಿ ಘನತೆ ಉಳಿಯುತ್ತದೆ ಅಥವಾ ಅಳಿಯುತ್ತದೆ. ರೋಗಿಯನ್ನು ಹಾಸಿಗೆಯ ನಂಬರಿನಿಂದ ಕರೆಯದೆ ಹೆಸರು ಹಿಡಿದು ಕರೆಯುವುದು, ಪರೀಕ್ಷಿಸುವಾಗ ಪರದೆ ಎಳೆಯುವುದು, ಸಮ್ಮತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಅದರಲ್ಲೇನಿದೆಯೆಂದು ಅವರ ಮಾತಿನಲ್ಲೇ ವಿವರಿಸುವುದು ಇಂಥವು. ನಮ್ಮ ಮನೆಗಳಲ್ಲಿ ಕ್ಯಾನ್ಸರ್ ಬಂದಿರುವುದನ್ನು ರೋಗಿಯಿಂದ ಮುಚ್ಚಿಟ್ಟು ಮಗನಿಗೋ ಅಣ್ಣನಿಗೋ ಮಾತ್ರ ಹೇಳುವ ರೂಢಿಯಿದೆ. ಮನೆಯವರ ಅಕ್ಕರೆಯನ್ನು ಗೌರವಿಸುತ್ತಲೇ, ತಿಳಿಯಬೇಕೆನ್ನುವ ರೋಗಿಗೆ ಮೆಲ್ಲಗೆ ಸತ್ಯ ತಿಳಿಸಬೇಕೆಂದು ಜೀವನೀತಿ ಹೇಳುತ್ತದೆ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ದಶಕಗಳ ಕಾಲ ಮಾರ್ಫಿನ್ ಸಿಗದೆ ಲೆಕ್ಕವಿಲ್ಲದಷ್ಟು ಜನ ನರಳಿದರು. 2014ರ ತಿದ್ದುಪಡಿ ದಾರಿಯನ್ನು ಸ್ವಲ್ಪ ಸುಗಮಗೊಳಿಸಿತು. ನರಳುವವರಿಗೆ ಮದ್ದು ಮುಟ್ಟಿಸುವುದೂ ಘನತೆಯ ಪ್ರಶ್ನೆಯೇ.

ಟೀಕೆಗಳು

ಮಿಷನರಿಗಳ ವೈದ್ಯಸೇವೆಯ ಹಿಂದೆ ಮತಾಂತರದ ಉದ್ದೇಶವಿದ್ದರೆ ಅದು ಶುದ್ಧ ಸೇವೆಯಲ್ಲವೆಂದು ಗಾಂಧೀಜಿ ಹೇಳಿದ್ದರು. ಆ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ, ಏಕೆಂದರೆ ಹಾಸಿಗೆ ಹಿಡಿದ ರೋಗಿ ಮುಕ್ತವಾಗಿ ಒಪ್ಪುವ ಅಥವಾ ನಿರಾಕರಿಸುವ ಸ್ಥಿತಿಯಲ್ಲಿರುವುದಿಲ್ಲ. 1952ರಲ್ಲಿ ಮದರ್ ತೆರೇಸಾ ಆರಂಭಿಸಿದ ಕೊಲ್ಕತ್ತದ ನಿರ್ಮಲ ಹೃದಯದಲ್ಲಿ ನೋವು ನಿವಾರಕಗಳ ಬಳಕೆ ಸಾಲದೆಂದು 1994ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ ಬರೆದರು. ಮದುವೆಯಾಗದೆ ಗರ್ಭಿಣಿಯರಾದವರನ್ನು ಇರಿಸುತ್ತಿದ್ದ ಐರ್ಲೆಂಡಿನ 18 ತಾಯಿ–ಮಗು ಗೃಹಗಳಲ್ಲಿ ಸುಮಾರು 9,000 ಮಕ್ಕಳು ಸತ್ತಿದ್ದನ್ನು 2021ರ ತನಿಖಾ ವರದಿ ದಾಖಲಿಸಿತು; ಅವುಗಳಲ್ಲಿ ಅನೇಕವನ್ನು ನಡೆಸಿದವರು ಸನ್ಯಾಸಿನಿಯರು. ಮದುವೆಯಾಗದ ತಾಯಂದಿರನ್ನು ಪಾಪಿಗಳೆಂದು ಕಂಡಾಗ ಅವರ ಮಕ್ಕಳ ಘನತೆಯೂ ಮಣ್ಣುಪಾಲಾಯಿತು. ಅನ್ಯಮತದವರೂ ಬರುವ ಆಸ್ಪತ್ರೆಯಲ್ಲಿ ಒಂದು ಸಭೆಯ ನಿಯಮವನ್ನು ಎಲ್ಲರಿಗೂ ಅನ್ವಯಿಸಬಹುದೇ ಎಂಬ ಪ್ರಶ್ನೆಗೂ ಒಪ್ಪಿತ ಉತ್ತರ ಇನ್ನೂ ಸಿಕ್ಕಿಲ್ಲ. ವೈದ್ಯನ ಆತ್ಮಸಾಕ್ಷಿಯನ್ನು ಗೌರವಿಸಬೇಕು, ಆದರೆ ತುರ್ತಿನಲ್ಲಿರುವ ರೋಗಿಯನ್ನು ಕೈಬಿಡುವಂತಿಲ್ಲ ಎಂಬಷ್ಟಕ್ಕೆ ವ್ಯಾಪಕ ಸಮ್ಮತಿಯಿದೆ.

ಮೌಲ್ಯಮಾಪನ

ಕ್ರೈಸ್ತ ಜೀವನೀತಿಯ ಎಲ್ಲ ತೀರ್ಮಾನಗಳನ್ನು ಎಲ್ಲರೂ ಒಪ್ಪುವುದಿಲ್ಲ, ಕ್ರೈಸ್ತರೂ ಒಪ್ಪುವುದಿಲ್ಲ. ಆದರೂ ಕೈಲಾಗದವನ ಬೆಲೆ ಕೈಲಾದವನ ಬೆಲೆಗಿಂತ ಕಡಿಮೆಯಲ್ಲವೆಂಬ ಅದರ ಮೂಲ ಮಾತು ಆಧುನಿಕ ವೈದ್ಯಕೀಯಕ್ಕೆ ತೀರ ಅಗತ್ಯವಾದದ್ದು. ಚಿಕಿತ್ಸೆ ದುಬಾರಿಯಾಗುತ್ತ, ಯಾರಿಗೆ ಎಷ್ಟು ಖರ್ಚು ಮಾಡಬಹುದೆಂಬ ಲೆಕ್ಕಾಚಾರ ಬಿಗಿಯಾಗುತ್ತ ಹೋದಷ್ಟೂ ಆ ಅಗತ್ಯ ಹೆಚ್ಚುತ್ತದೆ. ಬೆಸಿಲ್, ಸಾಂಡರ್ಸ್, ಬ್ರಾಂಡ್ ಇವರಲ್ಲಿ ಈ ಪರಂಪರೆ ಗೆದ್ದದ್ದು ಬೇರೆಯವರು ಕೈಬಿಟ್ಟ ರೋಗಿಯ ಬಳಿ ನಿಂತು, ಅವನಿಗೆ ಬೇಕಾದ ಚಿಕಿತ್ಸೆಯನ್ನು ತಾನೇ ಹುಡುಕಿ ಕೊಟ್ಟಿದ್ದರಿಂದ. ಗಾಲ್ವೇಯಲ್ಲಿ, ಐರ್ಲೆಂಡಿನ ಗೃಹಗಳಲ್ಲಿ ಸೋತದ್ದು ಎದುರಿಗಿದ್ದ ಮನುಷ್ಯರಿಗಿಂತ ನಿಯಮವನ್ನೂ ಮರ್ಯಾದೆಯನ್ನೂ ಮುಂದಿಟ್ಟಿದ್ದರಿಂದ. ಮಿಷನ್ ಆಸ್ಪತ್ರೆಯಿರಲಿ, ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ, ಅಲ್ಲಿನ ನೀತಿಯನ್ನು ಅಳೆಯಬೇಕಾದದ್ದು ಹಣವೂ ಶಿಫಾರಸೂ ಇಲ್ಲದ ರೋಗಿಗೆ ಅಲ್ಲಿ ಸಿಗುವ ಆರೈಕೆಯಿಂದ.